ಹನ್ನೊಂದು ದೀಪ ಹಚ್ಚಿದ ಕಾಕು

ಹೋದ ವಾರ ದಸರೆಗೆಂದು ಮನೆಯ ಧೂಳು ಹೊಡೆಯುವಾಗ ಅಟ್ಟದ ಮೇಲೆ ಒಂದು ಹಳೆಯ ಟಾರ್ಚು ಸಿಕ್ಕಿತು. ಹಿಂದಿನ ಮುಚ್ಚಳ ತಿರುಗಿಸಿ ತೆಗೆದರೆ ಸೆಲ್ಲು ಒಳಗೇ ಒಡೆದು, ಬಿಳಿ ಹಿಟ್ಟಿನಂಥದ್ದೇನೋ ಸ್ಪ್ರಿಂಗಿಗೆಲ್ಲ ಹತ್ತಿಕೊಂಡಿತ್ತು. ಆ ತುಕ್ಕಿನ ಹುಳಿ ವಾಸನೆ ಮೂಗಿಗೆ ಬಂದದ್ದೇ, ಕೈಯಲ್ಲಿದ್ದ ಅರಿವೆ ಬಿಟ್ಟು ಅಲ್ಲೇ ಕುಳಿತುಬಿಟ್ಟೆ. ಶಿಗ್ಗಾಂವಿಯ ಈ ಮನೆ, ಒಲೆಯ ಮೇಲಿನ ಹಾಲು, ಎಲ್ಲ ಮರೆತೇಹೋಯಿತು. ಹಾನಗಲ್ಲಿನ ನಮ್ಮ ಪಕ್ಕದ ಮನೆಯ ಕಾಕು ನೆನಪಾದರು...

ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ನಾಲ್ಕು ದಿನ ಊರಿಗೆ ಹೋಗುವುದಿದ್ದರೂ ಟಾರ್ಚು, ರೇಡಿಯೊ, ಗಡಿಯಾರ ಎಲ್ಲದರ ಸೆಲ್ಲು ತೆಗೆದು ಕಾಗದದಲ್ಲಿ ಸುತ್ತಿ ಬೇರೆ ಇಡುವುದು. "ಸೆಲ್ಲು ನೀರು ಬಿಟ್ಟು ಸಾಮಾನು ತಿಂದ್ಹಾಕತಾವು" ಎಂದು ಅವ್ವ ಹೇಳುತ್ತಿದ್ದಳು. ನನಗದು ಬಾಗಿಲಿಗೆ ಕೀಲಿ ಹಾಕಿದಷ್ಟೇ ಸಹಜವಾದ ಕೆಲಸ.

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವರು ನಮಗೆ ಸಂಬಂಧದವರಲ್ಲ. ಮೊದಲ ದಿನ ನಾನು "ಆಂಟಿ" ಎಂದಾಗ "ಆಂಟಿ ಗೀಂಟಿ ನಿಮ್ಮ ಕಾನ್ವೆಂಟಿನ್ಯಾಗ ಇರ್ಲಿ, ನನಗ ಕಾಕು ಅನ್ನು" ಎಂದಿದ್ದರು. ಅವರ ಗಂಡ ಕಾಕಾನದು ಬಸ್‌ಸ್ಟ್ಯಾಂಡಿನ ಹತ್ತಿರ ಟೀವಿ ರಿಪೇರಿಯ ಅಂಗಡಿ. ಟೀವಿಗೆ ಜೋಡಿಸಿ ಆಡುವ ವಿಡಿಯೊ ಗೇಮು ಆಗಷ್ಟೇ ನಮ್ಮೂರಿಗೆ ಬಂದಿತ್ತು, ಅದರ ಕ್ಯಾಸೆಟ್ಟುಗಳನ್ನು ಕಾಕಾ ಬಾಡಿಗೆಗೆ ಕೊಡುತ್ತಿದ್ದರು. ಮುಂಬೈಯಿಂದ ಬಂದ ಹಳೆಯ ಕ್ಯಾಸೆಟ್ಟುಗಳ ಡಬ್ಬಿಯಲ್ಲಿ ಒಂದು ಮಾತ್ರ ಬೇರೆ ಥರ ಇತ್ತು. ತಿಳಿ ಹಸಿರು ಬಣ್ಣ, ಮೇಲೊಂದು ದೋಣಿಯ ಚಿತ್ರ, ಬರೆದದ್ದೆಲ್ಲ ಜಪಾನಿ ಅಕ್ಷರ. ಅದರಲ್ಲಿ ಬಂದೂಕಿಲ್ಲ, ಕಾರಿಲ್ಲ, ಹಾರುವವರಿಲ್ಲ, ಒದೆಯುವವರಿಲ್ಲ. ಒಯ್ದವರೆಲ್ಲ ಅರ್ಧ ತಾಸಿನಲ್ಲಿ ತಿರುಗಿ ತಂದುಕೊಟ್ಟರು. ಕಾಕಾ ಅದನ್ನು ಬಿಚ್ಚಿ, ಒಳಗೆ ಸತ್ತುಹೋಗಿದ್ದ ಗುಂಡಿಯಂಥ ಸೆಲ್ಲು ತೆಗೆದು, ಹೊಸದೊಂದನ್ನು ಕರಿ ಟೇಪಿನಿಂದ ಕಟ್ಟಿ ಮನೆಗೆ ತಂದರು. "ತಗೋ, ಯಾರಿಗೂ ಬ್ಯಾಡಾದದ್ದು ನಿನಗ" ಎಂದು ಕಾಕೂನ ಕೈಯಲ್ಲಿಟ್ಟರಂತೆ.

ಆಟವೆಂದರೆ ಇಷ್ಟೇ. ಒಂದು ದೊಡ್ಡ ಕೆರೆ. ಅಗಲ ಟೊಪ್ಪಿಗೆಯ ಒಬ್ಬ ಹೆಣ್ಣುಮಗಳು ದೋಣಿ ನಡೆಸುತ್ತಾಳೆ. ಹನ್ನೆರಡು ನಡುಗಡ್ಡೆ, ಒಂದೊಂದರಲ್ಲೂ ಆರಿದ ದೀಪದ ಕಂಬ. ಅಲ್ಲಿರುವವರು ಏನೋ ಬೇಡುತ್ತಾರೆ... ಮೀನು, ಹಗ್ಗ, ಗಂಟೆ. ಅದನ್ನು ಹುಡುಕಿ ತಂದುಕೊಟ್ಟರೆ ಅಲ್ಲಿಯ ದೀಪ ಹತ್ತುತ್ತದೆ. ಕಾಕು ಮಾಸೂರಿನವರು. "ಥೇಟ್ ನಮ್ಮ ಮದಗದ ಕೆರಿ ನೋಡವಾ. ಸಂಜೀಮುಂದ ನೀರು ಹಿಂಗ ಕಾಣ್ತಿತ್ತು" ಎನ್ನುತ್ತಿದ್ದರು.

ಆ ಅಕ್ಷರ ಓದಿಸಲು ಮೊದಲು ನನ್ನನ್ನೇ ಹಿಡಿದರು. "ಕಾನ್ವೆಂಟಿನಾಕಿ ಅಲ್ಲೇನ, ಓದು." ಅದು ಇಂಗ್ಲಿಷ್ ಅಲ್ಲ ಎಂದೆ. "ಹಂಗಾರ ನಿಮ್ಮ ಸಿಸ್ಟರ್‌ನ ಕೇಳ್ಕೊಂಡು ಬಾ." ಸಿಸ್ಟರ್‌ಗೂ ಬರಲಿಲ್ಲ. ಆಮೇಲೆ ಕಾಕು ತಮ್ಮ ರಂಗೋಲಿ ಪುಸ್ತಕ ತೆಗೆದರು. ಚುಕ್ಕಿ ಇಟ್ಟು, ಪರದೆಯ ಮೇಲಿನ ಒಂದೊಂದು ಅಕ್ಷರವನ್ನೂ ರಂಗೋಲಿಯ ಹಾಗೆ ಎಳೆ ಎಳೆಯಾಗಿ ಇಳಿಸಿಕೊಂಡರು. ಕೆಳಗೆ ಕನ್ನಡದಲ್ಲಿ "ಇದು ಬಂದರೆ ಮೀನು ಬೇಡುತ್ತಾನೆ", "ಈಕೆ ಸುಮ್ಮನೆ ಹರಟುತ್ತಾಳೆ, ಏನೂ ಕೊಡಬಾರದು" ಎಂದು ಬರೆದುಕೊಂಡರು. ಮೊದಲ ಪುಟದಲ್ಲಿ ನಾಲ್ಕು ಅಕ್ಷರ. ಆಟ ಶುರುವಾಗುವಾಗ ಹೆಸರು ಹಾಕಬೇಕಿತ್ತು, ಕಾಕು ತಮಗೆ ಚೆಂದ ಕಂಡ ನಾಲ್ಕನ್ನು ಆರಿಸಿದ್ದರು. ಆ ಪುಟಕ್ಕೆ ಮಾತ್ರ ಒಂದು ಬೊಟ್ಟು ಕುಂಕುಮ.

ಮಧ್ಯಾಹ್ನ ಊಟಕ್ಕೆ ಬಂದ ಕಾಕಾ ಬಾಗಿಲಲ್ಲೇ ಶುರುಮಾಡುತ್ತಿದ್ದರು. "ಏನ್ರಿ ದೋಣಿ ಸಾವ್ಕಾರ್ತಿ, ದಂಡಿ ಮುಟ್ಟಿದ್ರೋ, ಇಲ್ಲಾ ಇವತ್ತೂ ನಮಗ ಉಪಾಸನೋ?"

"ಬುಟ್ಟ್ಯಾಗ ರೊಟ್ಟಿ ಅದಾವು, ಹಾಕ್ಕೊಂಡು ತಿನ್ರಿ. ನಾ ಈಗ ಏಳಾಕ ಬರೂದಿಲ್ಲ" ಎನ್ನುತ್ತಿದ್ದರು ಕಾಕು, ಕಣ್ಣು ಟೀವಿಯ ಮೇಲಿಂದ ತೆಗೆಯದೆ.

ಆಟ ನಿಲ್ಲಿಸುವ ಮೊದಲು ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದೇ ಸ್ವಿಚ್ ಆರಿಸಬೇಕೆಂದು ಪರದೆಯ ಮೇಲೆ ಬೆರಳಿನ ಚಿತ್ರ ಬರುತ್ತಿತ್ತು. ಹಾಗೆ ಮಾಡಿದರೆ ಮರುದಿನ ಬಿಟ್ಟಲ್ಲಿಂದಲೇ ಮುಂದುವರಿಯುತ್ತಿತ್ತು. ಹೀಗೆ ಎರಡು ವರ್ಷದಲ್ಲಿ ಹನ್ನೊಂದು ದೀಪ ಹತ್ತಿದವು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಕಾಕೂನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ತಿಳಿಯಿತು. ಹುಬ್ಬಳ್ಳಿಯಲ್ಲಿ ಆಪರೇಶನ್ನು, ಆಮೇಲೆ ಮಾಸೂರಿನ ತವರಿನಲ್ಲಿ ಎರಡು ತಿಂಗಳು ಆರೈಕೆ. ಹೊರಡುವ ದಿನ ಕ್ಯಾಸೆಟ್ಟನ್ನು ಹಸಿರು ಕುಪ್ಪಸದ ಖಣದಲ್ಲಿ ಸುತ್ತಿ ತಂದು ನನ್ನ ಕೈಯಲ್ಲಿಟ್ಟರು. "ಅಂಗಡ್ಯಾಗ ಇದ್ರ ನಿಮ್ಮ ಕಾಕಾ ಯಾರಿಗರ ಕೊಟ್ಟಬಿಡತಾರ. ನೀ ಜ್ವಾಪಾನ ಇಟ್ಗೋ. ನಾ ಬಂದ ಮ್ಯಾಲೆ ಇಬ್ರೂ ಕೂಡಿ ಕಡೀ ದೀಪ ಹಚ್ಚೂಣು. ಅದನ್ನ ನೋಡಾಕರ ನಾ ತಿರುಗಿ ಬರಬೇಕಲ್ಲ."

ಜೋಪಾನ ಮಾಡಿದೆ. ಇಸ್ತ್ರಿ ಮಾಡಿದ ನನ್ನ ಯೂನಿಫಾರ್ಮಿನ ನಡುವೆ ಇಟ್ಟೆ. ಮೂರನೆಯ ದಿನ ಒಳಗೆ ಸೆಲ್ಲು ಇದೆಯೆಂಬುದು ನೆನಪಾಯಿತು. ಎರಡು ತಿಂಗಳು! ಅಷ್ಟರಲ್ಲಿ ಅದು ನೀರು ಬಿಟ್ಟು ಒಳಗಿನದನ್ನೆಲ್ಲ ತಿಂದರೆ? ಅಪ್ಪನ ಸಣ್ಣ ಸ್ಕ್ರೂಡ್ರೈವರು ತಂದು ಬಿಚ್ಚಿದೆ. ಟೇಪು ಮೆಲ್ಲಗೆ ಎಬ್ಬಿಸಿ, ಸೆಲ್ಲು ತೆಗೆದು, ಕಾಗದದಲ್ಲಿ ಸುತ್ತಿ ಕಂಪಾಸು ಡಬ್ಬಿಯಲ್ಲಿಟ್ಟೆ. ಎಷ್ಟು ಶಾಣ್ಯಾಕೆ ನಾನು ಎನಿಸಿತ್ತು... ಕಾಕು ಬರುವ ಹಿಂದಿನ ದಿನ ಅದೇ ಟೇಪಿನಿಂದ, ಮೊದಲಿದ್ದಂತೆಯೇ ಕೂಡ್ರಿಸಿದೆ.

ಕಾಕು ಅರ್ಧ ಆಗಿ ಬಂದಿದ್ದರು. ಬಳೆಗಳು ಮೊಣಕೈ ತನಕ ಸರಿಯುತ್ತಿದ್ದವು. ಚಹಾ ಸಹ ಕುಡಿಯಲಿಲ್ಲ. "ಮೊದಲ ಅದನ್ನ ಹಚ್ಚು" ಎಂದರು. ಟೀವಿಯಲ್ಲಿ ಕೆರೆ ಬಂತು, ದೋಣಿ ಬಂತು. ಅವರ ನಾಲ್ಕು ಅಕ್ಷರ ಇರಬೇಕಾದ ಕಡೆ ಏನೂ ಇರಲಿಲ್ಲ. ತೆಗೆದು ಊದಿದರು, ಮತ್ತೆ ಹಾಕಿದರು. ಇಲ್ಲ. ಸೆರಗಿನಿಂದ ಒರೆಸಿ ಹಾಕಿದರು. ಇಲ್ಲ...

ಕಾಕಾ ಬಂದು ಬಿಚ್ಚಿ, ಮೀಟರು ಹಚ್ಚಿ ನೋಡಿದರು. "ಸೆಲ್ಲ ಛಂದ ಐತಿ. ಸೆಲ್ಲ ಇರೂತನಕ ಅದರ ನೆನಪ ಹೋಗೂದಿಲ್ಲ. ಹೋಗೂ ದಿನ ನೀನ ರೀಸೆಟ್ ಒತ್ತಿ ಹಿಡದಿಲ್ಲ."

ಕಾಕು ತಮ್ಮ ಬಲಗೈ ಬೆರಳುಗಳನ್ನು ನೋಡಿಕೊಂಡರು. "ಖರೆ ಇರಬೇಕು. ದವಾಖಾನಿಗೆ ಹೊಂಡೂ ಗಡಿಬಿಡಿ... ಕೈ ತಗದಿರಬೇಕು ನಾ."

ನಾನು ಕಂಬಕ್ಕೆ ಆತು ನಿಂತಿದ್ದೆ. ಕಾನ್ವೆಂಟಿನಲ್ಲಿ ಪೆನ್ಸಿಲ್ಲು ಬಿದ್ದರೂ ಸಾರಿ ಎನ್ನುವುದನ್ನು ಕಲಿಸಿದ್ದರು. ದಿನಕ್ಕೆ ಇಪ್ಪತ್ತು ಸಲ ಅನ್ನುತ್ತಿದ್ದೆ. ಅಂದು ಮಾತ್ರ ಅದು ಬಾಯಿಗೆ ಬರಲಿಲ್ಲ.

ಕಾಕು ಮತ್ತೆ ಮೊದಲಿನಿಂದ ಶುರುಮಾಡಿದರು. ಬೆನ್ನಿಗೆ ದಿಂಬು ಇಟ್ಟುಕೊಂಡು, ಅದೇ ನಾಲ್ಕು ಅಕ್ಷರ ಹಾಕಿ. ದಾರಿ ಗೊತ್ತಿದ್ದರಿಂದ ಬೇಗ ಬೇಗ ಆರು ದೀಪ ಹತ್ತಿದವು. ಆಮೇಲೆ ಬೇನೆ ತಿರುಗಿ ಬಂತು. ಕೂಡ್ರಲಾಗದಾದಾಗ ಆಟದ ಹಿಡಿಕೆ ನನ್ನ ಕೈಗೆ ಬಂತು. ಅವರು ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿ ಹೇಳುತ್ತಿದ್ದರು. "ಎಡಕ, ಎಡಕ... ಅಲ್ಲೆ ಬಂಡಿಗಲ್ಲ ಐತಿ, ಬಡಿಸಿಬಿಟ್ಟಿ. ಅಯ್ಯ, ನಿನಗಿಂತ ಎಮ್ಮಿ ಛಲೋ ಈಸತೈತಿ!" ನಗಲು ಹೋಗಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಒಂಬತ್ತನೆಯ ದೀಪ ಹತ್ತಿತು. ಕಾಕು ಬಹಳ ಹೊತ್ತು ಪರದೆಯನ್ನೇ ನೋಡಿ, "ಆ ಕಡೀ ನಡುಗಡ್ಡ್ಯಾಗ ಏನಿತ್ತೋ ಏನೋ... ಕೈ ತಗದು ಕೆಡಿಸಿಕೊಂಡೆ ನೋಡು" ಎಂದರು.

"ಕಾಕು..." ಎಂದೆ.

"ಏನವಾ?"

"ಏನಿಲ್ರಿ. ನೀರು ಬೇಕೇನ್ರಿ?"

ನೀರು ತಂದುಕೊಟ್ಟೆ. ಎರಡು ಗುಟುಕು ಕುಡಿದರು. ಮುಂದಿನ ಸೋಮವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವರ ಮನೆಯ ಮುಂದೆ ಜನ ಸೇರಿದ್ದರು. ಹದಿನೈದು ದಿನದ ಮೇಲೆ ಕಾಕಾ ಬಂದು ಕ್ಯಾಸೆಟ್ಟು, ರಂಗೋಲಿ ಪುಸ್ತಕ ಎರಡನ್ನೂ ನನಗೇ ಕೊಟ್ಟುಹೋದರು. "ನೀನ ಆಕೀ ಜೋಡಿ ಆಡಿದಾಕಿ" ಎಂದರು. ಅವರಿಗೂ ಹೇಳಲಿಲ್ಲ. ಈಗ ಅವರೂ ಇಲ್ಲ.

ಟಾರ್ಚು ಸಿಕ್ಕ ಸಂಜೆ ಟ್ರಂಕಿನಿಂದ ಎರಡನ್ನೂ ಹೊರತೆಗೆದೆ. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಹುಡುಕಿದಳು. ಅದನ್ನು ಮಾಡಿದ್ದು ಜಪಾನಿನ ಒಂದು ಸಣ್ಣ ಕಂಪನಿಯಂತೆ. ನಾಲ್ಕೇ ಆಟ ಮಾಡಿ ಮುಚ್ಚಿಹೋಯಿತಂತೆ. ಅಲ್ಲಿಯವರಿಗೇ ಅದರ ಹೆಸರು ಗೊತ್ತಿಲ್ಲವಂತೆ. ಆದರೂ ಯಾರೋ ಒಬ್ಬರು ಪೂರ್ತಿ ಆಡಿ ವಿಡಿಯೊ ಹಾಕಿದ್ದರು. ಕೊನೆಯ ಭಾಗ ನೋಡಿದೆ. ಹನ್ನೆರಡನೆಯ ನಡುಗಡ್ಡೆಯಲ್ಲಿ ಬೇಡುವವರು ಯಾರೂ ಇಲ್ಲ. ಬರೀ ಕಂಬ. ಆಕೆ ದೋಣಿ ಇಳಿದು ಕೈ ಮುಟ್ಟಿಸಿದರೆ ಸಾಕು, ಹತ್ತುತ್ತದೆ. ಹನ್ನೆರಡೂ ದೀಪ ನೀರಿನಲ್ಲಿ ಮೂಡಿ, ಅವುಗಳ ನಡುವೆ ನಾಲ್ಕು ಅಕ್ಷರ ದೊಡ್ಡದಾಗಿ ಬಂದವು.

"ಆಡಿದವರು ಮೊದಲಿಗೆ ಹಾಕಿದ ಹೆಸರವ್ವಾ ಅದು" ಎಂದಳು ಮಗಳು.

ಪುಸ್ತಕದ ಮೊದಲ ಪುಟ ತೆಗೆದು ಹಿಡಿದೆ. ಬೇರೆ ಅಕ್ಷರ. ಮಗಳು ಅವುಗಳ ಮೇಲೆ ಮೊಬೈಲು ಹಿಡಿದು ನೋಡಿದಳು. "ಇದಕ್ಕೇನೂ ಅರ್ಥ ಬರೂದಿಲ್ಲಂತ" ಎಂದಳು. ಕುಂಕುಮ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ನಾನು ಹಳೆಯದನ್ನೆಲ್ಲ ಅವಳಿಗೆ ಹೇಳಿದೆ, ಮೊದಲ ಸಲ. ಅವಳು ಕ್ಯಾಸೆಟ್ಟನ್ನು ಹೊರಳಿಸಿ ನೋಡಿ ಅಂದಳು, "ಗುಂಡಿ ಸೆಲ್ಲು ಟಾರ್ಚಿನ ಸೆಲ್ಲಿನಂಗ ಸೋರೂದಿಲ್ಲವ್ವಾ. ಹಂಗ ಬಿಟ್ಟಿದ್ರೂ ನಡೀತಿತ್ತು."

ಅವಳು ಒಳಗೆ ಹೋದ ಮೇಲೆ ಕ್ಯಾಸೆಟ್ಟು ಬಿಚ್ಚಿದೆ. ಕಾಕಾ ಹಚ್ಚಿದ ಕರಿ ಟೇಪು ಹಾಗೇ ಇತ್ತು. ಇಷ್ಟು ವರ್ಷಕ್ಕೆ ಆ ಸೆಲ್ಲು ಎಂದೋ ಸತ್ತಿದೆ. ಒಂಬತ್ತು ದೀಪವೂ ಅದರೊಂದಿಗೇ ಹೋಗಿವೆ. ಒಳಗೆ ಏನೂ ಇಲ್ಲವೆಂದು ಗೊತ್ತು. ಮನೆಯ ರೂಢಿಯಂತೆ ತೆಗೆದಿಡಬೇಕು. ಟೇಪಿನ ಅಂಚಿಗೆ ಉಗುರು ತಾಗಿಸಿದೆ... ಆಗಲಿಲ್ಲ. ಸ್ಕ್ರೂ ತಿರುಗಿಸಿ, ಮತ್ತೆ ಆ ಹಸಿರು ಖಣದಲ್ಲಿ ಸುತ್ತಿ ಇಟ್ಟೆ. ಟಾರ್ಚಿನ ಸೆಲ್ಲನ್ನಷ್ಟೇ ಹೊರಗೆ ಒಗೆದು ಬಂದೆ.