ಅಪ್ಪನ ಕಾರಿಗೆ ಗಾಳಿ ಹಾಕಿಸಿದ್ದು

ಹೋದ ತಿಂಗಳು ಒಂದು ಸಂಜೆ, ಬಂಗಾರಪೇಟೆಯ ಪಾನಿಪುರಿ ಗಾಡಿಗಳ ಮುಂದೆ ಜನ ಮುತ್ತಿಕೊಂಡಿದ್ದ ಹೊತ್ತಿನಲ್ಲಿ, ನನ್ನ ಕಾರು ನಡುರಸ್ತೆಯಲ್ಲಿ ಕೂತುಬಿಟ್ಟಿತು.

ನಿಂತಿತು ಅಂತ ಓದಿಕೊಳ್ಳಬೇಡಿ. ಕೂತಿತು. ಹಿಂದುಗಡೆ ಢಬ್ ಅಂತ ಒಂದು ಶಬ್ದ, ಸುಟ್ಟ ರಬ್ಬರಿನ ನಾತ, ಆಮೇಲೆ ಉಸ್ಸೆಂದು ಉಸಿರು ಬಿಡುತ್ತಾ ಕಾರಿನ ಹಿಂಭಾಗ ನೆಲದತ್ತ ಇಳಿಯಿತು. ಮೂತಿ ಮೇಲೆ, ಬಾಲ ಕೆಳಗೆ. ಮನೆ ಬಾಗಿಲಲ್ಲಿ ಕೂತ ನಾಯಿಯ ಭಂಗಿ.

“ಸಾರ್, ಒಂದ್ ಪಾನಿಪುರಿ ತಿನ್ನಿ. ಅದು ಎದ್ದೇಳೋ ಗಂಟ ಟೈಮ್ ಪಾಸ್ ಆಗ್ತದೆ,” ಅಂದ ಗಾಡಿಯವನು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. (ಅಂಥ ಹೊತ್ತಿನಲ್ಲಿ ಮಾಲೀಕನಿಗೆ ಬೇರೆ ದಾರಿ ಏನಿದೆ?)

ಕಾರಿನ ಪರಿಚಯ ಮಾಡಿಕೊಡುತ್ತೇನೆ. ಅರ್ಧ ಶತಮಾನ ದಾಟಿದ ಅಮೆರಿಕನ್ ಮಸಲ್ ಕಾರು. ಎರಡೇ ಬಾಗಿಲು, ಮಂಚದಷ್ಟು ಅಗಲದ ಬಾನೆಟ್ಟು, ಎಮ್ಮೆಕರು ಆರಾಮಾಗಿ ಮಲಗಬಹುದಾದ ಡಿಕ್ಕಿ. ಕೆಜಿಎಫ್‌ನಲ್ಲಿದ್ದ ಡಾಕ್ಟರೊಬ್ಬರು ಹೊರದೇಶದಿಂದ ತರಿಸಿಕೊಂಡಿದ್ದರಂತೆ. ಅವರು ಊರು ಬಿಡುವಾಗ ಅದನ್ನು ಕೊಳ್ಳುವವರು ಸಿಗಲಿಲ್ಲ. ಅದು ಕುಡಿಯುವ ಪೆಟ್ರೋಲು ಅಷ್ಟಿತ್ತು. ಕೊನೆಗೆ ಅವರ ಮನೆಗೆ ಹಾಲು ಹಾಕುತ್ತಿದ್ದವನೇ ಕೊಂಡುಕೊಂಡ. ಆ ಹಾಲಿನವನು ನನ್ನಪ್ಪ.

ಹಳೆ ಕಾರುಗಳ ಅಭಿಮಾನಿಗಳು ಮುಂದಿನ ಸಾಲನ್ನು ಬಿಟ್ಟು ಓದುವುದು ಒಳ್ಳೆಯದು. ಅಪ್ಪ ಅದರ ವಿ-8 ಎಂಜಿನ್ ಬಿಚ್ಚಿಸಿ, ಜೀಪಿನ ಡೀಸೆಲ್ ಎಂಜಿನ್ ಕೂರಿಸಿದ. ಡಿಕ್ಕಿಯಲ್ಲಿ ಹಾಲಿನ ಕ್ಯಾನುಗಳನ್ನು ಜೋಡಿಸಿ, ಮುಚ್ಚಲಾಗದ ಡೋರನ್ನು ಹಗ್ಗದಿಂದ ಬಿಗಿದು, ದಿನಾ ಬೆಳಿಗ್ಗೆ ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಕೆಜಿಎಫ್‌ನ ಊರಿಗಾಂ, ಮೈಸೂರು ಮೈನ್ಸ್ ಅಂತ ಸುತ್ತಿ ಹಾಲು ಹಾಕಿ ಬರುತ್ತಿದ್ದ. ಜಗತ್ತಿನ ಬೇರೆ ಯಾವ ಮೂಲೆಯಲ್ಲಾದರೂ ಮಸಲ್ ಕಾರು ಹಾಲು ಹೊತ್ತಿದೆಯೇ? ನನಗೆ ಅನುಮಾನ.

ಅಪ್ಪ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಕಾರು ಕೊಟ್ಟಿಗೆ ಪಕ್ಕದ ಶೆಡ್ಡು ಸೇರಿತು. ಎಷ್ಟೋ ತಲೆಮಾರಿನ ಕೋಳಿಗಳು ಅದರಲ್ಲಿ ಸಂಸಾರ ಮಾಡಿದವು. ಈಚೆಗೆ ಕೋಳಿಗಳನ್ನು ಖಾಲಿ ಮಾಡಿಸಿ ನಾನು ರಿಪೇರಿಗೆ ಇಳಿದೆ.

ಯಾಕೆ? ಶೋಕಿಗಲ್ಲ. ಅಪ್ಪನ ಬಗ್ಗೆ ನನ್ನದೇ ಅಂತ ಇರುವುದು ಒಂದೇ ನೆನಪು. ಉಳಿದದ್ದೆಲ್ಲ ಬೇರೆಯವರು ಹೇಳಿದ್ದು. ಆ ನೆನಪಿನಲ್ಲಿ ನಾನು ಈ ಕಾರಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿದ್ದೇನೆ. ಕಿಟಕಿಯಲ್ಲಿ ಹುಣಸೆಮರದ ಕೊಂಬೆಗಳು ಹಿಂದಕ್ಕೆ ಸರಿಯುತ್ತಿವೆ. ಅಪ್ಪ ಓಡಿಸುತ್ತಿದ್ದಾನೆ. ಕಾರು ತೇಲುತ್ತಿದೆ. ರಸ್ತೆಗಿಂತ ಒಂದು ಗೇಣು ಮೇಲೆ ಹೋಗುತ್ತಿದೆ ಅನ್ನಿ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿದೆ. ಅಷ್ಟೇ. ಮುಂದಿಲ್ಲ, ಹಿಂದಿಲ್ಲ.

ಯೂನಿವರ್ಸಿಟಿಯಲ್ಲಿ ಮನಃಶಾಸ್ತ್ರ ಓದಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ತಮ್ಮ ನೆನಪನ್ನೇ ತಾವು ನಂಬುವುದಿಲ್ಲ. ಅಷ್ಟು ಚಿಕ್ಕ ಮಗುವಿನ ತಲೆಯಲ್ಲಿ ಉಳಿದದ್ದು ನಡೆದ ಸಂಗತಿಯೋ, ಅಪ್ಪನಿಲ್ಲದ ಹುಡುಗ ಆಮೇಲೆ ತನಗೆ ಬೇಕಾಗಿ ಕಟ್ಟಿಕೊಂಡದ್ದೋ? ಕಾರು ಓಡಿದರೆ ಗೊತ್ತಾಗುತ್ತದೆ ಅಂದುಕೊಂಡೆ.

ಗೊತ್ತಾಯಿತು. ಕಾರು ರಸ್ತೆಗಿಳಿದ ಮೊದಲ ದಿನವೇ ಒದೆಯಿತು. ಚಿಕ್ಕ ಗುಂಡಿ ಸಿಕ್ಕರೂ ಹಿಂದಿನ ಸೀಟಿನಲ್ಲಿದ್ದವರ ತಲೆ ಟಾಪಿಗೆ ಬಡಿಯುತ್ತಿತ್ತು. ಅಮ್ಮ ಒಂದೇ ಸಲ ಕೂತದ್ದು. ಸೊಂಟ ಹಿಡಿದುಕೊಂಡು ಇಳಿದವಳು, “ಇದ್ರಾಗೆ ಇನ್ನ ನನ್ನ ಕೂರಿಸ್ಬ್ಯಾಡ ಕಣ್ಲಾ. ನಾ ಬಸ್ಸಲ್ಲಿ ಬತ್ತೀನಿ,” ಅಂದಳು. ನನ್ನ ನೆನಪಿನ ವಿಷಯ ಅವಳಿಗೆ ಹೇಳಲಿಲ್ಲ. ಹೇಳಿ, ಅವಳು ಇಲ್ಲ ಅಂದುಬಿಟ್ಟರೆ? ಇರುವುದೊಂದು. ಅದೂ ಹೋಗುತ್ತಿತ್ತು.

ಊರಿಗಾಂನಲ್ಲಿ ಏಳುಮಲೈ ಅಂತ ಒಬ್ಬ ಮೆಕ್ಯಾನಿಕ್ ಇದ್ದಾನೆ. ಕಾರನ್ನು ಎತ್ತಿಸಿ ಕೆಳಗೆ ನುಗ್ಗಿದವನು ಅಲ್ಲಿಂದಲೇ ಕೂಗಿದ.

“ಅಯ್ಯೋ ಕಡವುಳೇ! ಇದು ಕಾರಾ ಲಾರಿಯಾ ಸಾರ್?”

ಹಿಂದಿನ ಚಕ್ರಗಳ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಗ್ಯಾರೇಜಿನವರು ಕಮಾನು ಅನ್ನುತ್ತಾರೆ, ಕಾರಿನ ಆ ಪಟ್ಟಿಗಳ ಕೆಳಗೆ ಅಪ್ಪ ಲಾರಿಯ ಪಟ್ಟಿಗಳನ್ನೂ ಸೇರಿಸಿ ಬಿಗಿಸಿದ್ದ. ನಾನು ತೇಲಿದ ಕಥೆ ಹೇಳಿದೆ. ಏಳುಮಲೈ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಎದ್ದು ಕೂತ.

“ತೇಲೋದಾ? ಇದ್ರಲ್ಲಾ? ಇದು ಕಲ್ಲು ಸಾರ್, ಕಲ್ಲು. ಚಿಕ್ಕ ಪಯ್ಯ ನೀವು, ಕನಸು ಗಿನಸು ಕಂಡಿರ್ತೀರಿ. ಬಿಡಿ, ನಾನು ತೇಲಿಸ್ತೀನಿ. ಗಾಳಿ ಹಾಕೋಣ.”

ಗಾಳಿ ಅಂದರೆ ಏರ್ ಸಸ್ಪೆನ್ಷನ್. ಲಕ್ಷುರಿ ಬಸ್ಸುಗಳಲ್ಲಿ ಇರುವಂಥದ್ದು. ಚಕ್ರದ ಆಕ್ಸಲ್‌ಗೂ ಚಾಸಿಗೂ ನಡುವೆ ಎರಡು ರಬ್ಬರ್ ಚೀಲ, ಅದಕ್ಕೆ ಗಾಳಿ ಕೊಡಲು ಡಿಕ್ಕಿಯಲ್ಲೊಂದು ಕಂಪ್ರೆಸರ್, ಸ್ಟೇರಿಂಗ್ ಪಕ್ಕ ಒಂದು ಸ್ವಿಚ್ಚು. ಒತ್ತಿದರೆ ಕಾರಿನ ಹಿಂಭಾಗ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ.

“ಅನುಭವ ಇದೆಯಾ?” ಅಂದೆ.

“ಗಾಳಿ ನಮ್ಮೂರಿನ ಯಾವಾರ ಸಾರ್. ನಮ್ಮ ತಾತ ಗಣಿ ಒಳಗೆ ಗಾಳಿ ಡ್ರಿಲ್ ಹಿಡಿದು ಬಂಡೆ ಕೊರೆದೋನು. ಬಂಡೆ ಒಡೆಯೋ ಗಾಳಿಗೆ ನಿಮ್ ಕಾರ್ ಎತ್ತೋಕಾಗಲ್ವಾ?”

ತಾತನ ಅನುಭವಕ್ಕೆ ತಲೆಬಾಗಿ ಒಪ್ಪಿಕೊಂಡೆ. ಲಾರಿ ಪಟ್ಟಿಗಳು ಹೊರಬಂದವು. ಚಾಸಿಗೆ ಬ್ರಾಕೆಟ್ ವೆಲ್ಡಾಯಿತು, ಚೀಲ ಕೂತವು, ಎರಡಕ್ಕೂ ಸೇರಿ ಒಂದೇ ಗಾಳಿ ಪೈಪು ಎಳೆದ. ಎಡಗಡೆ ಚೀಲಕ್ಕೆ ಸೈಲೆನ್ಸರ್ ಪೈಪು ಹತ್ತಿರವಾಯಿತು ಅನ್ನಿಸಿ, ಯೂಟ್ಯೂಬಿನಲ್ಲಿ ನೋಡಿದ್ದನ್ನು ಹೇಳಿದೆ.

“ಸಾರ್, ನೀವು ಪೇಪರಲ್ಲಿ ಬರೀರಿ. ಪೈಪ್ ನಾನ್ ನೋಡ್ಕೋತೀನಿ.”

ಪೈಪು ನೋಡಿಕೊಂಡದ್ದರ ಫಲವೇ ಪಾನಿಪುರಿ ಗಾಡಿಯ ಮುಂದಿನ ಆ ದೃಶ್ಯ. ಬಿಸಿಗೆ ಎಡಗಡೆಯದು ಒಡೆಯಿತು. ಪೈಪು ಒಂದೇ ಆದದ್ದರಿಂದ ಬಲಗಡೆಯದೂ ಉಸಿರು ಬಿಟ್ಟಿತು.

“ಪೈಪ್ ಅಲ್ಲಿ ಇಟ್ಟೋನು ಅಮೆರಿಕದೋನು ಸಾರ್, ನಾನಾ?” ಅಂದ ಏಳುಮಲೈ.

ಎರಡನೇ ಸುತ್ತು ಶುರುವಾಯಿತು. ಸೈಲೆನ್ಸರ್ ಪೈಪನ್ನು ಬಗ್ಗಿಸಿ ದೂರ ಸರಿಸಿದ. ನಡುವೆ ತಗಡು ಅಡ್ಡ ಕೊಟ್ಟ. ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಪೈಪು ಎಳೆದ. ಈಗ ಕಾರು ಕೆರೆಯ ದೋಣಿಯಂತೆ ಓಲಾಡತೊಡಗಿತು. ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿದ್ದಾಯಿತು. ಓಲಾಟ ನಿಂತಿತು.

ಆಮೇಲೆ ಪರೀಕ್ಷೆ. ಏಳುಮಲೈ ಓಡಿಸುವುದು, ನಾನು ಹಿಂದಿನ ಸೀಟಿನಲ್ಲಿ ಮಂಡಿ ಮಡಚಿಕೊಂಡು ಮಲಗುವುದು. (ಐವತ್ತು ದಾಟಿದವನು ಎರಡು ಬಾಗಿಲಿನ ಕಾರಿನಲ್ಲಿ ಹಿಂದಕ್ಕೆ ತೂರಿ ಮಲಗುವುದನ್ನು ಮೈಸೂರು ಮೈನ್ಸ್ ಕಡೆಯ ಮಕ್ಕಳು ನಿಂತು ನೋಡುತ್ತಿದ್ದರು.) ಅವನು ಸ್ವಿಚ್ಚು ಒತ್ತಿ ಗಾಳಿ ಏರಿಸುತ್ತಾನೆ. “ಈಗ ಸಾರ್?” “ಇಲ್ಲ.” ಇಳಿಸುತ್ತಾನೆ. “ಈಗ?” “ಇಲ್ಲ.” ಮೆತ್ತಗಿತ್ತು, ಸುಳ್ಳು ಹೇಳಬಾರದು. ಆದರೆ ಹಗುರವಾಗಿತ್ತು. ನನ್ನ ನೆನಪಿನ ತೇಲಾಟದಲ್ಲಿ ಏನೋ ಒಂದು ತೂಕವಿತ್ತು. ಏನೆಂದು ನನಗೇ ಗೊತ್ತಿಲ್ಲದ್ದನ್ನು ಅವನಿಗೆ ಹೇಗೆ ಹೇಳಲಿ?

“ನಿಮಗೆ ಬೇಕಾಗಿರೋದು ಏರ್ ಸಸ್ಪೆನ್ಷನ್ ಅಲ್ಲ ಸಾರ್,” ಅಂದ ಕೊನೆಗೆ. “ಡಾಕ್ಟರು.”

ನಗಬೇಡಿ. ನೀವೂ ಇದನ್ನು ಮಾಡಿರುತ್ತೀರಿ. ಅಜ್ಜಿಯ ಬಸ್ಸಾರಿನ ರುಚಿ ಬೇಕೆಂದು ಮಣ್ಣಿನ ಮಡಕೆ ಕೊಂಡು ತಂದಿರುತ್ತೀರಿ. ಸೌದೆ ಒಲೆಯನ್ನೂ ಹೂಡಿರುತ್ತೀರಿ. ಬಂತೇ ಆ ರುಚಿ? ಬರಲಿಲ್ಲ ಅಂತ ಮಡಕೆಯನ್ನು ಬದಲಾಯಿಸಿದಿರಿ ತಾನೇ?

ಒಂದು ಮಧ್ಯಾಹ್ನ ಅಂಗಳದಲ್ಲಿ ಕಾರಿನ ಗಾಳಿ ಏರಿಸಿ ಇಳಿಸಿ ಮಾಡುತ್ತಿದ್ದೆ. ಅಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ಏನ್ಲಾ ಅದು, ದಿನಾ ಅದ್ರ ಒಟ್ಟೇಗೆ ಗಾಳಿ ತುಂಬ್ತೀಯ, ಬಿಡ್ತೀಯ. ಏನ್ ಉಡುಕ್ತಾ ಇದ್ದೀಯ?”

ಸಾಕಾಗಿತ್ತು. ಹೇಳಿಬಿಟ್ಟೆ. ಹಿಂದಿನ ಸೀಟು, ಹುಣಸೆಮರ, ತೇಲಿದ್ದು, ಎಲ್ಲ. ಹೇಳಿ ಮುಗಿಸಿ, ಅವಳು ಇಲ್ಲ ಅನ್ನುವುದನ್ನು ಕಾಯುತ್ತಾ ನಿಂತೆ.

“ತೇಲ್ತಿತ್ತು ಕಣ್ಲಾ,” ಅಂದಳು ಅಮ್ಮ, ಕಾಯಿ ಸುಲಿಯುತ್ತಲೇ. “ಡಿಕ್ಕೀಲಿ ಆಲಿನ ಕ್ಯಾನು ಇರ್ತಿದ್ವಲ್ಲ. ತೂಕ ಬಿದ್ರೆ ತೊಟ್ಲು ತೂಗ್ದಂಗೆ ಓಯ್ತಿತ್ತು.”

ನಾನೆಂಥ ದಡ್ಡ! ಲಾರಿಯ ಪಟ್ಟಿ ಖಾಲಿ ಇದ್ದರೆ ಕಲ್ಲು, ಭಾರ ಬಿದ್ದರೆ ತೊಟ್ಟಿಲು. ಖಾಲಿ ಲಾರಿ ಎಗರುವುದನ್ನೂ, ತುಂಬಿದ ಲಾರಿ ತೂಗುತ್ತಾ ಹೋಗುವುದನ್ನೂ ದಿನಾ ನೋಡುವ ನನಗೆ ಹೊಳೆಯಬಾರದಿತ್ತೇ? ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ಹಳೆಯ ಕಾಯಿಲೆ ಕೆರಳಿತು.

“ನಾನು ಮಲಗ್ತಿದ್ದದ್ದು ಹೋಗುವಾಗಲೋ, ಬರುವಾಗಲೋ?”

“ಬರೋವಾಗ. ಓಗ್ತಾ ಎಲ್ಲಾರ ಬಾಗ್ಲಲ್ಲೂ ಇಳಿದು ಕುಣೀತಿದ್ದೆ. ರಾತ್ರಿಯೆಲ್ಲಾ ನಿಂಗೆ ಉಬ್ಬಸ ಕಣಪ್ಪಾ, ಕೂತ್ಕಂಡೇ ಬೆಳಗು ಮಾಡ್ತಿದ್ದೆ. ನೀನು ಕಣ್ ಮುಚ್ತಿದ್ದಿದ್ದು ಬರೋವಾಗ ಆ ಕಾರಲ್ಲೇ.”

“ಬರುವಾಗ ಕ್ಯಾನು ಖಾಲಿ ಅಲ್ವೇನಮ್ಮಾ?”

ವಕೀಲನ ದನಿಯಲ್ಲಿ ಕೇಳಿದೆ. ಕೇಳಿ ಸಂಕಟಪಟ್ಟೆ. ಸಿಕ್ಕಿದ್ದನ್ನು ನಾನೇ ಕೈಯಾರೆ ಮುಳುಗಿಸಿದಂತಾಯಿತು. ಅಮ್ಮನ ಕೈ ಮೊದಲ ಸಲ ನಿಂತಿತು.

“ಖಾಲಿ ಯಾಕಿರ್ತಾವೆ? ನೀರು ತುಂಬ್ಕಂಡು ಬತ್ತಿದ್ದ.”

“ನೀರಾ?”

“ಮೈಸೂರು ಮೈನ್ಸಲ್ಲಿ ಕೊಳಾಯಿ ಇತ್ತು. ಖಾಲಿ ಕಾರು ಎಗರಾಡಿದ್ರೆ ನೀನು ಎದ್ದು ಮತ್ತೆ ಕೆಮ್ತಿದ್ದೆ. ಅದಕ್ಕೇ ಕ್ಯಾನೆಲ್ಲಾ ನೀರು ತುಂಬಿ, ನಿನ್ನ ಮಲಗ್ಸಿ, ಆಮೇಲೆ ಒರಡ್ತಿದ್ದ.”

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮೂರಿನಲ್ಲಿ ಹಳಬರು ಅಪ್ಪನನ್ನು ಇವತ್ತಿಗೂ ನೆನೆಯುವುದು ‘ನೀರು ಮುನಿಶಾಮಪ್ಪ’ ಅಂತ. ಹಾಲಿನವನ ಹೆಸರಿಗೆ ನೀರು ಅಂಟಿಕೊಂಡರೆ ಅರ್ಥ ಬಿಡಿಸಿ ಹೇಳಬೇಕೇ? ಶಾಲೆಯಲ್ಲಿ ಕೇಳಿದ್ದೆ, ಮದುವೆಮನೆಗಳಲ್ಲಿ ಕೇಳಿದ್ದೆ. ಎಲ್ಲವನ್ನೂ ಅನುಮಾನಿಸುವ ನಾನು ಅದೊಂದನ್ನು ಮಾತ್ರ ಯಾವತ್ತೂ ಅನುಮಾನಿಸಿರಲಿಲ್ಲ.

“ಆಲಿನೋನು ಕ್ಯಾನ್ ತುಂಬಾ ನೀರು ಒತ್ಕಂಡು ಓದ್ರೆ ಜನ ಏನಂತಾರೆ?” ಅಂದಳು ಅಮ್ಮ. “ನಾಳೆ ಆಲಿಗೆ ಅಂದ್ರು. ಒಂದೆರಡು ಬಂಗ್ಲೆಯೋರು ಆಲು ಬ್ಯಾಡ ಅಂತ ನಿಲ್ಸೂಬಿಟ್ರು.”

“ತಂದ ನೀರನ್ನ ಏನು ಮಾಡ್ತಿದ್ರಿ?”

“ಎಮ್ಮೆಗೆ ಕುಡಿಸ್ತಿದ್ದೆ. ಆ ಲೆಕ್ಕದಾಗೆ ಆಲಿಗೇ ಓಯ್ತು ಬಿಡು.” ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

“ಯಾಕೆ ತುಂಬ್ತೀನಿ ಅಂತ ಅಪ್ಪ ಒಂದು ಮಾತು ಹೇಳಬಹುದಿತ್ತಲ್ಲಮ್ಮಾ?”

“ನಾನೂ ಬೈದೆ. ಯಾರು ಏನ್ ರೇಗಿಸಿದ್ರೂ ಸುಮ್ಕೆ ಬಂದ್ಬಿಡೋನು. ಯಾಕೋ ನಂಗೂ ಗೊತ್ತಿಲ್ಲ.”

ನಂಬಬೇಕೋ ಬೇಡವೋ? ಅಮ್ಮನಿಗೆ ಎಂಬತ್ತು ಹತ್ತಿರ. ಮಗನ ಮುಖ ನೋಡಿ ಆಗ ತಾನೇ ಹೆಣೆದ ಕಥೆಯೂ ಇರಬಹುದು. ಆ ಕೊಳಾಯಿ ಇಲ್ಲ, ಅಲ್ಲಿ ಅಪ್ಪನನ್ನು ನೋಡಿದವರೂ ಉಳಿದಿಲ್ಲ. ಸಾಕ್ಷಿಗೆ ಉಳಿದದ್ದು ಕಾರೊಂದೇ.

ಏಳುಮಲೈ ಹತ್ತಿರ ಹೋಗಿ, ಗಾಳಿ ತೆಗೆದು ಅಪ್ಪನ ಪಟ್ಟಿಗಳನ್ನೇ ಮತ್ತೆ ಹಾಕು ಅಂದೆ.

“ಎನ್ನ ಸಾರ್ ಇದು! ಇಷ್ಟು ಕಷ್ಟಪಟ್ಟು ತೇಲಿಸಿದ್ರೆ, ಮತ್ತೆ ಕಲ್ಲು ಕಟ್ಟು ಅಂತೀರಲ್ಲಾ!” ಬೈದುಕೊಂಡೇ ಹಾಕಿಕೊಟ್ಟ.

ಕಳೆದ ಭಾನುವಾರ ಅಮ್ಮ ಮಾರಿಕುಪ್ಪಂನಲ್ಲಿರುವ ತನ್ನ ತಂಗಿಯ ಮನೆಗೆ ಹೋಗಬೇಕಿತ್ತು. ಕ್ಯಾನುಗಳಿಗೆ ನಮ್ಮ ಬೋರ್‌ವೆಲ್ಲಿನ ನೀರು ತುಂಬಿ, ಡಿಕ್ಕಿಯಲ್ಲಿಟ್ಟು, ಹಗ್ಗ ಬಿಗಿದೆ. “ಸೊಂಟ ಮುರಿದ್ರೆ ನೀನೇ ನೋಡ್ಕಬೇಕು,” ಅನ್ನುತ್ತಾ ಅಮ್ಮ ಹಿಂದಿನ ಸೀಟಿಗೆ ಹತ್ತಿದಳು. ದಾರಿಯುದ್ದಕ್ಕೂ ಕೇಳುತ್ತಾ ಹೋಗಬೇಕು ಅಂದುಕೊಂಡಿದ್ದೆ. ಹೇಗಿದೆ? ಹೀಗೇ ಇತ್ತಾ? ಇದೇನಾ?

ಊರಿಗಾಂ ಹತ್ತಿರ ಕನ್ನಡಿ ನೋಡಿದೆ. ಅಮ್ಮ ನಿದ್ದೆ ಹೋಗಿದ್ದಳು. ತಲೆ ಒಂದು ಕಡೆ ವಾಲಿತ್ತು, ಬಾಯಿ ಅರೆ ತೆರೆದಿತ್ತು. ಕಾರು ತೇಲುತ್ತಿತ್ತೋ ಇಲ್ಲವೋ, ಸ್ಟೇರಿಂಗ್ ಹಿಡಿದವನಿಗೆ ಗೊತ್ತಾಗಲಿಲ್ಲ. ಹೇಳಬೇಕಾದವಳು ಮಲಗಿದ್ದಳು. ನನ್ನ ಕಾಲು ತಾನಾಗಿ ಆಕ್ಸಿಲರೇಟರ್ ಬಿಟ್ಟಿತು.

ಹಂಪ್ ಒಂದರ ಹತ್ತಿರ ತೆವಳುತ್ತಾ ಹೋಗುವಾಗ, ನಮ್ಮೂರಿನ ಹಾಲಿನ ರವಣಪ್ಪ ಮೊಪೆಡ್ಡಿನಲ್ಲಿ ಪಕ್ಕಕ್ಕೆ ಬಂದ. ಕ್ಯಾನುಗಳಿಂದ ತುಳುಕಿ ರಸ್ತೆಯುದ್ದಕ್ಕೂ ಸೋರಿದ ನೀರನ್ನು ಹಿಂದಿನಿಂದ ನೋಡಿಕೊಂಡೇ ಬಂದಿರಬೇಕು.

“ಏಮಣ್ಣೋ! ಕ್ಯಾನ್ ತುಂಬಾ ನೀರು! ಅಪ್ಪನ ಯಾಪಾರ ಮತ್ತೆ ಶುರುವಾ?”

ಬೀಡಾ ಅಂಗಡಿ ಮುಂದೆ ನಿಂತಿದ್ದವರು ಗೊಳ್ಳೆಂದು ನಕ್ಕರು. ಹಿಂದೆ ಅಮ್ಮ ಮಿಸುಕಾಡಿದಳು.

ನನ್ನ ಹತ್ತಿರ ಉತ್ತರವಿತ್ತು. ಅಪ್ಪನ ಪರವಾಗಿ ಇಷ್ಟು ವರ್ಷ ಯಾರೂ ಕೊಡದ ಉತ್ತರ. ಗಂಟಲವರೆಗೂ ಬಂತು. ಆದರೆ ಜೀಪಿನ ಎಂಜಿನ್ ಸದ್ದಿನ ನಡುವೆ ಅವನಿಗೆ ಕೇಳಿಸಬೇಕೆಂದರೆ ಕೂಗಿಯೇ ಹೇಳಬೇಕಿತ್ತು.

ಕೂಗಿದ್ದರೆ ಅಮ್ಮ ಎದ್ದುಬಿಡುತ್ತಿದ್ದಳು.