ಬನ್ನಿ ಬರುವ ಮೊದಲೇ ಎದ್ದ ಮೆಸೇಜ್ ಪೆಟ್ಟಿಗೆ

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೊದಲು ಶೇಂಗಾ ಚೀಲ ಒಟ್ಟುತ್ತಿದ್ದೆವು. ಯಜಮಾನರು ಹೋದ ಮೇಲೆ ಚೀಲಗಳೂ ಹೋದವು, ಆ ಜಾಗಕ್ಕೆ ಸರಿತಾ ಬಾಡಿಗೆಗೆ ಬಂದಳು. ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಗಾದ್ರಪ್ಪನ ಮಗಳು. ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರ್ ಒತ್ತುತ್ತಿದ್ದವಳು ಅದನ್ನು ಬಿಟ್ಟು, ಸ್ವಂತದ್ದು ಹೂಡುತ್ತೇನೆಂದು ಹಳೇ ಕಂಪ್ಯೂಟರೊಂದನ್ನು ಆಟೋದಲ್ಲಿ ಹೇರಿಕೊಂಡು ಬಂದಿದ್ದಳು.

ಅದು ಎರಡು ಸಾವಿರದ ಎಂಟನೇ ಇಸವಿ. ಕೂಲಿಯವರ ಜೇಬಿಗೂ ಮೊಬೈಲು ಬಂದಿತ್ತು. ಅಂಗಡಿಯವರ ಸುದ್ದಿಯನ್ನು ಅವರ ಗಿರಾಕಿಗಳಿಗೆಲ್ಲ ಒಟ್ಟಿಗೇ ಮೆಸೇಜು ಮಾಡಿ ಮುಟ್ಟಿಸುವುದು ಅವಳ ಕಸುಬು. ಅದಕ್ಕೆಂದೇ ಸಿಮ್ ಹಾಕಿದ ಸಣ್ಣ ಪೆಟ್ಟಿಗೆಯೊಂದನ್ನು ಕಂಪ್ಯೂಟರಿನ ಬೆನ್ನಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ್ದಳು. ಕರೆಂಟು ಹೆಚ್ಚುಕಮ್ಮಿಯಾದರೆ ಅದು ಮುನಿಸಿಕೊಂಡು ಕೂರುತ್ತಿತ್ತು. ಕಿತ್ತು ಮತ್ತೆ ಸಿಕ್ಕಿಸಿದರೆ ಸರಿಹೋಗುತ್ತಿತ್ತು. ಅವಳಿಲ್ಲದಾಗ ಎಷ್ಟೋ ಸಲ ನಾನೇ ಸಿಕ್ಕಿಸಿದ್ದೇನೆ.

ಮೊಳಕಾಲ್ಮೂರಿನಲ್ಲಿ ಜಂಬುಲಿಂಗಪ್ಪನವರದು ರೇಷ್ಮೆ ಸೀರೆ ವ್ಯಾಪಾರ. ಅವರು ಸರಿತಾಗೆ ಒಂದು ಷರತ್ತು ಹಾಕಿದ್ದರು. "ವಿಜಯದಶಮಿ ದಿನ ನಾನು ಹೇಳಿದ ಗಳಿಗೇಲಿ, ನನ್ ಅಂಗಡೀಲೇ ಕೂತು ಮೆಸೇಜು ಕಳಿಸವ್ವ. ಹೋದ್ರೆ ಮುಂದಿನ ಕೆಲ್ಸವೆಲ್ಲ ನಿಂದೇ. ಹೋಗ್ಲಿಲ್ಲಾಂದ್ರೆ ಮತ್ತೆ ಈ ಕಡೆ ಬರ್ಬ್ಯಾಡ." ಅವರು ಒಪ್ಪಿದರೆ ಆ ಬೀದಿಯ ಸೀರೆ ಅಂಗಡಿಗಳೆಲ್ಲ ಒಪ್ಪಿದ ಹಾಗೆ. ಇಲ್ಲದಿದ್ದರೆ ಸರಿತಾ ವಾಪಸ್ಸು ಮಿಲ್ಲಿಗೆ. ಗಾದ್ರಪ್ಪ ಆಗಲೇ ಮಿಲ್ಲಿನ ರೈಟರ ಹತ್ತಿರ ಮಾತಾಡಿಟ್ಟಿದ್ದ.

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಕೂರಿಸಿದ್ದನ್ನು ಮಾರನೇ ದಿನ ಸಂಜೆ ಬನ್ನಿ ತರುವ ತನಕ ಯಾರೂ ಮುಟ್ಟುವುದಿಲ್ಲ. ಕುಡುಗೋಲಾಗಲಿ ತಕ್ಕಡಿಯಾಗಲಿ. ಆ ವರ್ಷ ಕಂಪ್ಯೂಟರನ್ನೂ ಕೂರಿಸಿದೆ. ಸರಿತಾ ವೈರುಗಳನ್ನೆಲ್ಲ ಬಿಚ್ಚಿ, ಧೂಳು ಒರೆಸಿ, ಮತ್ತೆ ಸಿಕ್ಕಿಸಿದಳು. ನಾನು ವಿಭೂತಿ ಬಳಿದು ಸೇವಂತಿಗೆ ಹಾರ ಹಾಕಿದೆ. ದುಡಿಯುವುದು ಆ ಮೆಸೇಜ್ ಪೆಟ್ಟಿಗೆಯೇ ಅಲ್ಲವೇ ಎಂದು ಅದರ ವೈರಿನ ತುದಿಗೆ ಅರಿಶಿನದ ದಾರ ಕಟ್ಟಿದೆ.

"ಅಜ್ಜಿ, ನಾಳೆ ಇದು ಆನ್ ಇರ್ಬೇಕು."

"ಇರ್ಲಿ ಬಿಡು. ದೀಪ ಉರೀತಿರ್ತೈತೆ, ಅದೂ ಉರೀಲಿ. ಕೈ ಮಾತ್ರ ಹಾಕಂಗಿಲ್ಲ."

"ಕೈ ಯಾಕೆ? ಅಲ್ಲಿಂದ್ಲೇ ಕಳಿಸ್ತೀನಿ."

ಬೆಳಿಗ್ಗೆ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದಳು. ನಾನು ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಕರೆಂಟು ಒಮ್ಮೆ ಕಣ್ಣು ಹೊಡೆದು ಬಂತು. ಸ್ವಲ್ಪ ಹೊತ್ತಿಗೇ ಮುಂದಿನ ಕೋಣೆಯ ಫೋನು ಬಡಿದುಕೊಂಡಿತು.

"ಅಜ್ಜಿ, ಪೆಟ್ಟಿಗೆ ದೀಪ ಮಿಣುಕ್ತೈತಾ?"

"ಇಲ್ಲ ಕಣೆ, ನೆಟ್ಟಗೆ ಉರೀತೈತೆ."

"ಮುನಿಸ್ಕಂಡೈತೆ ಹಂಗಾದ್ರೆ."

ಹಿಂದಿನಿಂದ ಜಂಬುಲಿಂಗಪ್ಪನವರ ದನಿ ಕೇಳಿತು. "ಏನವ್ವ, ನಿನ್ ಮಿಷನ್ನೂ ಹೋಳಿಗೆ ತಿಂದು ಮಲಗೈತಾ? ಬೇಗ ನೋಡು, ಗಳಿಗೆ ದಾಟಿದ್ರೆ ರಾಹುಕಾಲ."

"ಕಿತ್ತು ಸಿಕ್ಕಿಸು ಅಂತ ಮಾತ್ರ ಕೇಳ್ಬ್ಯಾಡ," ಎಂದೆ.

"ನಾನ್ಯಾಕೆ ಕೇಳ್ಲಿ? ಆಮೇಲೆ ಮುಂದಿನ ಹಬ್ಬದ ತನಕ ಬೈಸ್ಕೋಬೇಕು. ಕೈ ಬ್ಯಾಡ, ಕಣ್ಣು ಕೊಡು ಸಾಕು."

ಜಂಬುಲಿಂಗಪ್ಪನವರ ಕಂಪ್ಯೂಟರಿನಿಂದ ಅವಳು ನೆಟ್ಟಿನ ಮೂಲಕ ನಮ್ಮ ಕೋಣೆಯ ಕಂಪ್ಯೂಟರಿಗೆ ಹೊಕ್ಕಿದ್ದಳು. ಕಪ್ಪು ಪರದೆ, ಬಿಳಿ ಅಕ್ಷರ. ಅಲ್ಲಿ ಅವಳು ಬರೆದದ್ದನ್ನು ಇಲ್ಲಿನದು ಮಾಡುತ್ತದೆ. ಇಂಥ ಕಿಂಡಿ ಎಂದು ಬರೆದರೆ, ಅದರಲ್ಲಿರುವುದನ್ನು ಕೈಯಿಂದ ಕಿತ್ತ ಹಾಗೆಯೇ ಬಿಡಿಸುತ್ತದೆ. ತೊಡಕಿದ್ದದ್ದು ಬೇರೆ ಕಡೆ. ಬೆನ್ನಿನಲ್ಲಿ ಮೇಲೊಂದು ಕೆಳಗೊಂದು ಕಿಂಡಿ. ಒಂದರಲ್ಲಿ ಮೆಸೇಜ್ ಪೆಟ್ಟಿಗೆ, ಇನ್ನೊಂದರಲ್ಲಿ ನೆಟ್ಟಿನ ಡಬ್ಬ.

"ಒರೆಸಿ ಹಾಕುವಾಗ ಯಾವ್ದು ಎಲ್ಲಿಗೆ ಸಿಕ್ಕಿಸ್ದೆ ಅಂತ ನೆಪ್ಪಿಲ್ಲ ಅಜ್ಜಿ. ಆ ಡಬ್ಬದ ದಾರೀಲೇ ನಾನು ಒಳಗೆ ಬಂದಿರೋದು. ತಪ್ಪಿ ಅದನ್ನ ಬಿಡಿಸಿದ್ನೋ, ನನ್ ಬಾಗ್ಲು ನಾನೇ ಹಾಕ್ಕಂಡಂಗೆ. ಸಂಜೆ ತನಕ ತೆಗೆಯೋರಿಲ್ಲ."

ಫೋನು ಕಿವಿಗಿಟ್ಟುಕೊಂಡೇ ಗೋಡೆಗೆ ಕೆನ್ನೆ ತಾಗಿಸಿ ಬಗ್ಗಿದೆ. ವೈರುಗಳೆರಡೂ ಒಂದೇ ಕಪ್ಪು, ಮೇಲೆ ಸೇವಂತಿಗೆ ಬೇರೆ ಜೋತುಬಿದ್ದಿತ್ತು. ಹೂವಿನ ಸಂದಿಯಲ್ಲಿ ಹಳದಿ ಕಂಡಿತು.

"ಅರಿಶಿನದ ದಾರ ಕೆಳಗಿನ ಕಿಂಡೀಲೈತೆ. ಪೆಟ್ಟಿಗೆ ಅದೇ."

"ಖಾತ್ರಿನಾ? ಸೇವಂತಿಗೆ ಅಲ್ವಲ್ಲ?"

"ನಾನೇ ಕಟ್ಟಿದ್ದು ಕಣೆ. ಬರಿ."

ಕೀಲಿಗಳ ಟಕಟಕ ಕೇಳಿತು. ನೋಡುತ್ತಿದ್ದ ಹಾಗೇ ಪೆಟ್ಟಿಗೆಯ ದೀಪ ಆರಿತು.

"ಅಯ್ಯೋ, ಆರೋಯ್ತು!"

"ಆರ್ಬೇಕು ಅಜ್ಜಿ. ಆ ಪೆಟ್ಟಿಗೇನ ಬಿಡು ಅಂತ ಬರ್ದೆ. ಈಗ ಹಿಡ್ಕೋ ಅಂತ ಬರೀತೀನಿ."

ಮೊದಲು ಕೆಂಪು ಹತ್ತಿತು, ಆಮೇಲೆ ಹಸಿರು, ಆಮೇಲೆ ಹಸಿರು ಮಿಣುಕತೊಡಗಿತು. ಸೇವಂತಿಗೆಯ ಒಂದು ಎಸಳೂ ಕದಲಿರಲಿಲ್ಲ.

"ಮಿಣುಕ್ತೈತೆ!" ಎಂದೆ. ಸ್ವಲ್ಪ ತಡೆದು ಫೋನಿನೊಳಗೆ ಇನ್ನೊಂದು ಮೊಬೈಲು ಸದ್ದು ಮಾಡಿತು. ಸರಿತಾ ಮೊದಲ ನಂಬರು ಜಂಬುಲಿಂಗಪ್ಪನವರದೇ ಇಟ್ಟಿದ್ದಳು. ಅವರು ತಮ್ಮ ಅಂಗಡಿಯ ಹೆಸರನ್ನು ತಾವೇ ಗಟ್ಟಿಯಾಗಿ ಓದಿಕೊಂಡರು.

"ಅಲ್ಲಿ ಯಾರು ಮುಟ್ಟಿದ್ದು?"

"ಯಾರೂ ಇಲ್ರಿ. ಪೂಜೆಗೆ ಕೂತೈತೆ."

"ನಮ್ ಮಗ್ಗಾನೂ ಪೂಜೆಗೆ ಕೂತಾವೆ. ಅವನ್ನೂ ಹಿಂಗೇ ಇಲ್ಲಿಂದ್ಲೇ ಓಡಿಸ್ತೀಯೇನು?"

"ಅವು ಒಂದಿನ ಮಲಗ್ಲಿ ಬಿಡ್ರಿ, ಪಾಪ."

ಅವರು ಜೋರಾಗಿ ನಕ್ಕರು. "ದೀಪಾವಳಿದೂ ನೀನೇ ಕಳಿಸವ್ವ. ನಮ್ ಬೀದಿಯೋರ್ಗೂ ಹೇಳ್ತೀನಿ."

ಸಂಜೆ ಸರಿತಾ ಬನ್ನಿ ಹಿಡಿದುಕೊಂಡೇ ಬಸ್ಸಿಳಿದು ಬಂದಳು. ಗಾದ್ರಪ್ಪ ನಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದ. ನನಗೆ ಬನ್ನಿ ಕೊಟ್ಟು ಕಾಲಿಗೆರಗಿ, ಅಪ್ಪನ ಕೈಗೂ ನಾಲ್ಕು ಎಲೆ ಇಟ್ಟಳು.

"ಅಪ್ಪಾ, ಮಿಲ್ಲಿನ ರೈಟರಿಗೆ ಹೇಳ್ಬಿಡು, ನಾನು ಬರಲ್ಲ ಅಂತ."

ಗಾದ್ರಪ್ಪ ಎಲೆಯನ್ನು ಜೇಬಿಗಿಟ್ಟುಕೊಂಡ. "ಅಷ್ಟಕ್ಕೆ ನಾನ್ಯಾಕೆ ಹೋಗ್ಲಿ? ನೀನೇ ಒಂದ್ ಮೆಸೇಜು ಬಿಡು."

ಕಂಪ್ಯೂಟರಿನ ಮೇಲೂ ಬನ್ನಿ ಇಟ್ಟು, ಇನ್ನು ಮುಟ್ಟಬಹುದು ಎಂದೆ. ಸರಿತಾ ಹಾರ ತೆಗೆದಳು, ವಿಭೂತಿ ಒರೆಸಿದಳು. ಅರಿಶಿನದ ದಾರವನ್ನು ಮಾತ್ರ ಬಿಚ್ಚಲಿಲ್ಲ.