ಹೊಸ ಗಾಡಿ ತಗೊಂಡ ಹುಡುಗ

ಹುಣಸೂರಿನ ಆರ್‌ಟಿಒ ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ನನ್ನದೊಂದು ಮೇಜು, ಎರಡು ಕುರ್ಚಿ. ಗಾಡಿ ಮಾರಿದವರಿಗೂ ಕೊಂಡವರಿಗೂ ಅರ್ಜಿ ತುಂಬಿಕೊಡುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ಈಗ ಎಲ್ಲ ಆನ್‌ಲೈನ್ ಅನ್ನುತ್ತಾರೆ. ಆನ್‌ಲೈನ್ ಆದ ಮೇಲೆ ನನ್ನ ಮೇಜಿನ ಮುಂದಿನ ಸಾಲು ಇನ್ನಷ್ಟು ಉದ್ದವಾಗಿದೆ, ಆ ಮಾತು ಬಿಡಿ. ನಾನು ಹೇಳಹೊರಟಿದ್ದು ನನ್ನ ಎರಡನೇ ಕುರ್ಚಿಯಲ್ಲಿ ಕೂರುತ್ತಿದ್ದ ನಟರಾಜುವಿನ ಕತೆ.

ನಟರಾಜುಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಹಳೇ ಗಾಡಿ ಹುಡುಕಿಕೊಡುವ ಬ್ರೋಕರ್. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಕೊಟ್ಟಿಗೆಯಲ್ಲಿ ಯಾವ ಗಾಡಿ ಗೋಣಿಚೀಲ ಹೊದ್ದು ನಿಂತಿದೆ ಎಂಬುದು ಅವನ ನಾಲಿಗೆ ತುದಿಯಲ್ಲಿರುತ್ತಿತ್ತು. "ಬೆಟ್ಟದಪುರ್ದಲ್ಲಿ ಒಂದ್ ಯೆಜ್ಡಿ ಅದೆ ಕಣಣ್ಣ, ಕೋಳಿ ಅದ್ರ ಸೀಟ್ ಮ್ಯಾಲೇ ಮೊಟ್ಟೆ ಇಕ್ತಾವೆ. ಎಂಜಿನ್ ಮಾತ್ರ ಇನ್ನೂ ಬಿಚ್ಚಿಲ್ಲ," ಅನ್ನುತ್ತಿದ್ದ. ಹೋಗಿ ನೋಡಿದರೆ ಕೋಳಿಯೂ ಇರುತ್ತಿತ್ತು, ಎಂಜಿನ್ನೂ ಅವನು ಹೇಳಿದ ಹಾಗೇ ಇರುತ್ತಿತ್ತು. ಗಾಡಿಯ ವಿಷಯದಲ್ಲಿ ಅವನು ಸುಳ್ಳಾಡಿದ್ದನ್ನು ನಾನು ಕಾಣೆ.

ಅವನು ಆಡುತ್ತಿದ್ದ ಸುಳ್ಳು ಒಂದೇ. ಒಳ್ಳೆಯ ಗಾಡಿ ಅಗ್ಗಕ್ಕೆ ಯಾಕೆ ಸಿಗುತ್ತದೆ ಎಂದು ನೀವೂ ಕೇಳಿರಬಹುದು. ಹರೆಯದ ಹುಡುಗನೊಬ್ಬ ಗಾಡಿಯಿಂದ ಬಿದ್ದು ಸತ್ತರೆ ನಮ್ಮ ಕಡೆ ಆ ಗಾಡಿಯನ್ನು ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ತಿಥಿ ಮುಗಿದ ವಾರದೊಳಗೆ ಬಂದಷ್ಟಕ್ಕೆ ಕೊಟ್ಟುಬಿಡುತ್ತಾರೆ. ಅಂಥ ಮನೆಯವರಿಗೆ ನಟರಾಜು ಒಂದು ಮಾತು ಕೊಡುತ್ತಿದ್ದ: ಗಾಡಿ ತಾಲ್ಲೂಕು ದಾಟಿ ಹೋಗುತ್ತದೆ, ಆ ರಸ್ತೆಯಲ್ಲಿ ಮತ್ತೆ ಕಾಣುವುದಿಲ್ಲ. ಆ ಕಡೆ ಕೊಳ್ಳುವವನು ಯಾಕೆ ಮಾರುತ್ತಿದ್ದಾರೆ ಎಂದು ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು: "ಉಡುಗ ಒಸ ಗಾಡಿ ತಕಂಡವ್ನೆ. ಅದ್ಕೇ ಇದ್ನ ಕೊಡ್ತಾವ್ರೆ."

ಗಾವಡಗೆರೆ ಹತ್ತಿರದ ಚಿಕ್ಕಸಿದ್ದಮ್ಮನ ಮಗ ಸುರೇಶ ಕೂಲಿ ಮಾಡಿ ಕೂಡಿಟ್ಟು ಒಂದು ಹಳೇ ಸಮುರಾಯ್ ಬೈಕು ಕೊಂಡಿದ್ದ. ಟೂ ಸ್ಟ್ರೋಕ್ ಗಾಡಿ. ಸೈಲೆನ್ಸರ್ ಬೇರೆ ಹಾಕಿಸಿದ್ದರಿಂದ ಅದರ ಸದ್ದು ಕೆರೆ ಏರಿಯ ಆಚೆಯಿಂದಲೇ ಗೊತ್ತಾಗುತ್ತಿತ್ತು. ಆ ಸದ್ದು ಕೇಳಿದ ಮೇಲೆ ಆಕೆ ಸಾರು ಬಿಸಿಗಿಡುತ್ತಿದ್ದಳಂತೆ. ಒಂದು ಸಂಜೆ ಯಾರೋ ಹೊಸದಾಗಿ ಹಾಕಿದ ಹಂಪ್ ಕಾಣದೆ ಸುರೇಶ ಹಾರಿಬಿದ್ದ. ಹೆಲ್ಮೆಟ್ ಇರಲಿಲ್ಲ. ಗಾಡಿಗೆ ಒಂದು ಇಂಡಿಕೇಟರ್ ಒಡೆದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಎಚ್.ಡಿ. ಕೋಟೆಯಿಂದ ಕೊಳ್ಳಲು ಬಂದವನು ಅನುಮಾನದ ಮನುಷ್ಯ. ಕದ್ದ ಗಾಡಿಯಾಗಿದ್ದರೆ ಎಂಬ ಭಯಕ್ಕೆ, ಮಾಲೀಕರ ಮನೆ ಮುಂದೆಯೇ ನೋಡಬೇಕು ಎಂದು ಹಟ ಹಿಡಿದ. ನಟರಾಜು ಬೇರೆ ದಾರಿ ಕಾಣದೆ ಕರೆದುಕೊಂಡು ಹೋದ. ಸುರೇಶನ ತಂಗಿ ಸಂಘಮಿತ್ರ ಜಗಲಿಯ ಮೇಲಿದ್ದ ಹಾರ ಹಾಕಿದ ಫೋಟೋವನ್ನು ಒಳಗೆ ತೆಗೆದಿಟ್ಟಳು. ಬಂದವನು ಗಾಡಿ ಸುತ್ತ ಎರಡು ಸುತ್ತು ಬಂದು, ಯಾಕೆ ಕೊಡುತ್ತಿದ್ದೀರಿ ಎಂದು ಕೇಳಿದ. ನಟರಾಜು ತನ್ನ ಎಂದಿನ ಮಾತನ್ನೇ ಹೇಳಿದ. ಬಾಗಿಲ ಹಿಂದೆ ನಿಂತಿದ್ದ ಚಿಕ್ಕಸಿದ್ದಮ್ಮ ಅದನ್ನು ಕೇಳಿಸಿಕೊಂಡಳು. ಒಳಗೆ ಹೋಗಿ ಕೀ ತಂದುಕೊಟ್ಟಳು.

ಹಳೇ ಗಾಡಿ ಒಂದು ಕೈಯಲ್ಲಿ ನಿಲ್ಲುವುದಿಲ್ಲವಲ್ಲ. ವರ್ಷ ಕಳೆಯುವಷ್ಟರಲ್ಲಿ ಎಚ್.ಡಿ. ಕೋಟೆಯವನು ಅದನ್ನು ನಟರಾಜುಗೆ ತಿಳಿಸದೆ ಕಿರಣ್ಕುಮಾರ್ ಎಂಬ ಹುಡುಗನಿಗೆ ಮಾರಿದ್ದ. ಈ ಹುಡುಗನಿಗೆ ಹುಣಸೂರಿನ ಟೈರ್ ಅಂಗಡಿಯಲ್ಲಿ ಕೆಲಸ, ಊರು ಗಾವಡಗೆರೆಯಿಂದ ಆಚೆಗೆ. ದಿನಾ ಸಂಜೆ ಆರೂವರೆಗೆ ಅದೇ ರಸ್ತೆ, ಅದೇ ಸದ್ದು.

ಸಂಘಮಿತ್ರ ಫೋನ್ ಮಾಡಿದಾಗ ನಟರಾಜು ನನ್ನ ಪಕ್ಕದಲ್ಲೇ ಇದ್ದ. ಹುಡುಗಿ ಅಳುತ್ತಿದ್ದಳು. "ದಿನಾ ಸಂಜೆ ಅವ್ವ ರಸ್ತೆಗೆ ಬಂದು ನಿಂತ್ಕತದೆ ಅಣ್ಣ. ಗಾಡಿ ಓದ್ ಮ್ಯಾಲೂ ಒಳಕ್ ಬರಾಕಿಲ್ಲ. ನನ್ ಕೈಲಿ ನೋಡಾಕಾಯ್ತಾ ಇಲ್ಲ. ಆ ಗಾಡಿ ಮತ್ತೆ ಕಾಣಾಕಿಲ್ಲ ಅಂದಿದ್ರಲ್ಲ ನೀವು?"

ನಟರಾಜುವಿನ ಮುಖ ಕಪ್ಪಿಟ್ಟಿತು. ಕೊಟ್ಟ ಮಾತು ತಪ್ಪಿದ್ದು ಅವನನ್ನು ಕೊರೆಯಿತು. ಎರಡೇ ದಿನದಲ್ಲಿ ಕಿರಣ್ಕುಮಾರನನ್ನು ಹಿಡಿದು, ಸಮುರಾಯ್ ಬದಲಿಗೆ ಸದ್ದಿಲ್ಲದ ಒಂದು ಒಳ್ಳೇ ಗಾಡಿಯನ್ನು ತನ್ನ ಕೈಯಿಂದಲೇ ದುಡ್ಡು ಹಾಕಿ ಕೊಟ್ಟ. ಹುಡುಗ ಹಿರಿಹಿರಿ ಹಿಗ್ಗಿದ. ಸಮುರಾಯನ್ನು ನಟರಾಜು ತಾನೇ ಓಡಿಸಿಕೊಂಡು ಕೆ.ಆರ್. ನಗರಕ್ಕೆ ಹೋಗಿ, ಗುಜರಿಯಲ್ಲಿ ನಿಂತು ಭಾಗ ಭಾಗ ಬಿಚ್ಚಿಸಿ ಬಂದ. ಇನ್ನು ಅದು ಯಾವ ರಸ್ತೆಗೂ ಬರುವುದಿಲ್ಲ ಎಂದ. ಒಳ್ಳೇ ಕೆಲಸ ಮಾಡಿದೆ ಕಣಯ್ಯ ಎಂದು ಬೆನ್ನು ತಟ್ಟಿದವನು ನಾನೇ.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಚಿಕ್ಕಸಿದ್ದಮ್ಮ ಬಿಸಿಲಲ್ಲಿ ವಿಚಾರಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದಳು. ನಟರಾಜು ಎದ್ದು ಕುರ್ಚಿ ಕೊಟ್ಟ. ಆಕೆ ಕೂರಲಿಲ್ಲ.

"ನಟರಾಜಪ್ಪ, ನಮ್ ಸುರೇಸನ್ ಗಾಡೀಲಿ ಒಂದ್ ಉಡುಗ ಓಯ್ತಿತ್ತು. ನಿಂಗೇನಾರ ಗೊತ್ತಾ?"

"ಗೊತ್ತು ಕಣವ್ವ. ಯಾಕೆ?"

"ಮೊಕ ನೋಡಿಲ್ಲ. ಎಲ್ಮೆಟ್ ಇಕ್ಕಂಡಿರೋದು, ಜಾಣ ಮಗ. ದಿನಾ ಓಯ್ತಿದ್ದ. ನನ್ ಮಗನ್ನ ಮನೆಗ್ ತರ್ನಿಲ್ಲ ಆ ಗಾಡಿ. ಯಾರ್ ಮಗನ್ನೋ ದಿನಾ ಮನೆ ಸೇರುಸ್ತಾ ಅದಲ್ಲ ಅಂತ ನಿಂತ್ಕಂಡು ನೋಡ್ತಿದ್ದೆ. ಅದು ಆ ಕಡೆ ತಿರುಗ್ದ ಮ್ಯಾಲೆ ಒಟ್ಟೆಗೆ ಒಂದ್ ತುತ್ತು ಇಳೀತಿತ್ತು. ಈಗ ತಿಂಗ್ಳಾಯ್ತು, ಸದ್ದೇ ಇಲ್ಲ." ಆಕೆ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಆ ಉಡುಗಂಗೇನಾಯ್ತಪ್ಪ?"

ನಾನು ನಟರಾಜುವಿನ ಮುಖ ನೋಡಿದೆ. ಆಕೆ ರಸ್ತೆಗೆ ಬಂದು ನಿಲ್ಲುತ್ತಿದ್ದದ್ದು ಇದಕ್ಕೆ ಎಂದು ಮಗಳಿಗೆ ಗೊತ್ತಿರಲಿಲ್ಲ, ನಮಗಂತೂ ಗೊತ್ತಿರಲಿಲ್ಲ. ಕೇಳುವ ವ್ಯವಧಾನ ಯಾರಿಗಿತ್ತು? ನಟರಾಜು ಪಾಪ, ಗಾಬರಿಯಲ್ಲಿ ನಿಜವನ್ನೇ ಹೇಳಿದ.

"ಅವನಿಗೇನೂ ಆಗಿಲ್ಲ ಕಣವ್ವ. ಒಸ ಗಾಡಿ ತಕಂಡವ್ನೆ. ಅದ್ಕೇ ಅದ್ನ ಕೊಟ್ಬುಟ್ಟ."

ಚಿಕ್ಕಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲಕ್ಕೆ ಕೂತಳು. ತನ್ನ ಬಾಯಿಂದ ಬಂದದ್ದು ಆ ಎಂದಿನ ಮಾತೇ ಎಂಬುದು ಹೊಳೆದು ನಟರಾಜು, ಇಲ್ಲ ಕಣವ್ವ, ನಿಜ್ವಾಗ್ಲೂ ಕಣವ್ವ, ನಿಮ್ಮಾಣೆ ಎಂದು ಕಾಲ ಬಳಿ ಕೂತು ಬಡಬಡಿಸಿದ. ಆಕೆ ಕೇಳಿಸಿಕೊಳ್ಳಲೇ ಇಲ್ಲ. "ಬುಡಪ್ಪ, ನಿಂದೇನ್ ತೆಪ್ಪು," ಎಂದು ಎದ್ದು ಬಸ್‌ಸ್ಟ್ಯಾಂಡ್ ಕಡೆ ನಡೆದಳು.

ಹುಡುಗನನ್ನೇ ಕರೆದೊಯ್ದು ತೋರಿಸೋಣ ಎಂದವನು ನಾನು. ಮಾರನೇ ಸಂಜೆ ಕಿರಣ್ಕುಮಾರನ ಗಾಡಿಯ ಹಿಂದೆ ನಟರಾಜು, ನನ್ನ ಸ್ಕೂಟರಿನಲ್ಲಿ ನಾನು, ಆಕೆಯ ಮನೆ ಮುಂದೆ ಇಳಿದೆವು. ಚಿಕ್ಕಸಿದ್ದಮ್ಮ ಜಗಲಿಯ ಮೇಲೆ ಕೂತಿದ್ದಳು. ಗಾಡಿ ಬಂದದ್ದು ಆಕೆಗೆ ಕೇಳಿಸಿರಲೇ ಇಲ್ಲ, ಅಷ್ಟು ಸದ್ದಿಲ್ಲದ ಗಾಡಿ. ಹುಡುಗ ಹೆಲ್ಮೆಟ್ ತೆಗೆದು ಹತ್ತಿರ ಹೋಗಿ, "ದಿನಾ ಓಯ್ತಿದ್ದೋನು ನಾನೇ ಕಣವ್ವ," ಎಂದ.

ಆಕೆ ಅವನ ಮುಖ ನೋಡಿದಳು. ಅವನ ಹಿಂದಿದ್ದ ಗಾಡಿಯನ್ನು ನೋಡಿದಳು. ತಲೆ ಬಗ್ಗಿಸಿ ನಿಂತಿದ್ದ ನಟರಾಜುವನ್ನು ನೋಡಿದಳು. ಇವರು ಒಳ್ಳೇ ಮನಸ್ಸಿನಿಂದ ಯಾರನ್ನೋ ಹೇಳಿಕೊಟ್ಟು ಕರೆತಂದಿದ್ದಾರೆ ಎಂದು ಆಕೆ ತೀರ್ಮಾನಿಸಿದ್ದು ನನಗೆ ಅಲ್ಲಿ ನಿಂತೇ ತಿಳಿಯಿತು. ಹುಡುಗ ಆಧಾರ್ ಕಾರ್ಡ್ ತೆಗೆದು ತೋರಿಸಲು ಹೋದ, ಪೆದ್ದ.

ಆಕೆ ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಒಳಗಿದ್ದ ಸಂಘಮಿತ್ರಳಿಗೆ ಕಾಫಿ ಇಡಲು ಹೇಳಿದಳು. ಆಮೇಲೆ ಅವನ ಬೆನ್ನು ಸವರುತ್ತಾ ಮೆಲ್ಲಗೆ ಕೇಳಿದಳು:

"ಆ ಗಾಡೀಲಿ ಓಯ್ತಿದ್ದೋನು ನಿಂಗೆ ಏನಾಗ್ಬೇಕಿತ್ತು ಮಗ? ಅಣ್ಣನಾ?"